ಪರಕಾಯ ಪ್ರವೇಶ

ಪರಕಾಯ ಪ್ರವೇಶದ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ಕನ್ನಡ ನಾಡಿನಲ್ಲಿ ವಿರಳ. ಶಂಕರಾಚಾರ್ಯರು ಮೃತನಾದ ಅಮರುಕ ರಾಜನ ದೇಹವನ್ನು ಹೊಕ್ಕು ಎದ್ದು ಕುಳಿತರಂತೆ. ವಿಕ್ರಮಾದಿತ್ಯನು ಗಿಳಿಯ ದೇಹವನ್ನು ಹೊಕ್ಕು ಹಾರಿಹೋದನಂತೆ. ಅಜ್ಜಿಯ ಬಾಯಲ್ಲಿ ಈ ಕೆಲಸ ಎಷ್ಟು ಸುಲಭ! ಒಂದು ದೇಹ ಬರಿದಾಗಿ ಬಿದ್ದಿರುತ್ತದೆ, ಒಂದು ಜೀವ ಹುಡುಕಿಕೊಂಡು ಬರುತ್ತದೆ, ಕಣ್ಣು ತೆರೆಯುತ್ತದೆ, ಅಲ್ಲಿಗೆ ಮುಗಿಯಿತು. ಅರಸನ ಜೀವದ ಭಾರವನ್ನು ಗಿಳಿಯ ರೆಕ್ಕೆ ಹೇಗೆ ಹೊತ್ತೀತು, ಅರಸನ ಸಿಟ್ಟನ್ನು ಗಿಳಿಯ ಗುಂಡಿಗೆ ಹೇಗೆ ತಾಳಿಕೊಂಡೀತು ಎಂಬುದನ್ನು ಯಾವ ಅಜ್ಜಿಯೂ ಹೇಳಲಿಲ್ಲ. ಯಾವ ಮೊಮ್ಮಗನೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಕೇಳುವವರು ಬೇರೆ ಇದ್ದಾರೆ. ಅವರ ಕೈಯಲ್ಲಿ ಜಪಮಣಿ ಇರುವುದಿಲ್ಲ, ಪಾನಾ ಇರುತ್ತದೆ. ಮೈಗೆ ವಿಭೂತಿಯ ಬದಲು ಗ್ರೀಸು ಮೆತ್ತಿರುತ್ತದೆ. ಒಂದು ಕಂಪನಿಯ ಗಾಡಿಯ ಒಡಲಿಗೆ ಇನ್ನೊಂದು ಕಂಪನಿಯ ಇಂಜಿನನ್ನು ಇಳಿಸುವ ಮೋಟಾರು ಮಿಸ್ತ್ರಿಗಳು ಅವರು.

ಕೆಂಭಾವಿಯಲ್ಲಿ ಅಂಥವರೊಬ್ಬರಿದ್ದಾರೆ. ಕೆಂಭಾವಿ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಊರು. ಶರಣ ಭೋಗಣ್ಣನ ಊರೆಂದು ಹೆಸರಾದದ್ದು. ಹರಿಹರ ಕವಿ ಅವನ ಮೇಲೆ ಒಂದು ರಗಳೆಯನ್ನೇ ರಚಿಸಿದ್ದಾನೆ. ಕುಲದ ಕಟ್ಟಳೆಯನ್ನು ಮುರಿದನೆಂದು ಊರವರು ಭೋಗಣ್ಣನನ್ನು ಹೊರಗೆ ಹಾಕಿದಾಗ ಊರಿನ ಲಿಂಗಗಳೆಲ್ಲ ಅವನ ಬೆನ್ನ ಹಿಂದೆಯೇ ಹೊರಟುಬಿಟ್ಟವೆಂದು ಕಥೆ. ಗುಡಿಗಳು ನಿಂತಲ್ಲಿಯೇ ನಿಂತಿದ್ದವು. ಒಳಗಿನ ಜೀವ ಎದ್ದು ಹೋಗಿತ್ತು. ಬೆದರಿದ ಊರವರು ಕಾಲಿಗೆ ಬಿದ್ದು ಅವನನ್ನು ಮರಳಿ ಕರೆತರಬೇಕಾಯಿತು. ದೇಹ ಬೇರೆ, ಜೀವ ಬೇರೆ ಎಂಬ ಮಾತು, ಆದುದರಿಂದ, ಈ ಊರಿಗೆ ಹೊಸದೇನೂ ಅಲ್ಲ.

ಸುತ್ತಲೂ ಎರೆಭೂಮಿ. 1982ರಲ್ಲಿ ನಾರಾಯಣಪುರದ ಬಳಿ ಕೃಷ್ಣೆಗೆ ಬಸವಸಾಗರ ಅಣೆಕಟ್ಟು ಆಗಿ, ಎಡದಂಡೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ, ಜೋಳ ತೊಗರಿಗಳನ್ನು ಬೆಳೆಯುತ್ತಿದ್ದ ಸೀಮೆ ಭತ್ತದ ಹಸುರನ್ನು ಕಂಡಿತು. ನೀರಿನ ಹಿಂದೆಯೇ ಟ್ರ್ಯಾಕ್ಟರುಗಳು ಬಂದವು, ಜೀಪುಗಳು ಬಂದವು; ಅವುಗಳ ಹಿಂದೆ ಅವುಗಳ ರೋಗಗಳು ಬಂದವು; ರೋಗಗಳಿರುವಲ್ಲಿ ವೈದ್ಯರಿಗೆ ಕೆಲಸವುಂಟಷ್ಟೆ. ರಸ್ತೆಯ ಬದಿಯ ಬೇವಿನ ಮರದಡಿ, ನಾಲ್ಕು ತಗಡಿನ ನೆರಳಿನಲ್ಲಿ, ನಮ್ಮ ಕಥೆಯ ಮಿಸ್ತ್ರಿಗಳು ತಮ್ಮ ಆಸ್ಪತ್ರೆಯನ್ನು ತೆರೆದರು. ಈಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಊರ ಮಕ್ಕಳಿಗೆಲ್ಲ ಅವರು 'ಮಿಸ್ತ್ರಿ ಮುತ್ಯಾ'. ಅವರ ತಮ್ಮನೊಬ್ಬ ಅದೇ ಮರದ ಬುಡದಲ್ಲಿ ಸ್ಟೋವು ಹೊತ್ತಿಸಿ ಚಹಾ ಕಾಯಿಸುತ್ತಾನೆ. ಅವನ ಎಡಗಾಲು ಮೊಣಕಾಲಿನಲ್ಲಿ ಮಡಿಯುವುದಿಲ್ಲ. ಎಳೆಯ ವಯಸ್ಸಿನಲ್ಲಿ ಆ ಬೇವಿನ ಮರದಿಂದಲೇ ಬಿದ್ದವನೆಂದು ಮನೆಯವರೆಲ್ಲರೂ ಬಲ್ಲರು. ಮಕ್ಕಳು ಮರ ಹತ್ತಿದಾಗಲೆಲ್ಲ ಹೆಂಗಸರು ಆ ಕಾಲನ್ನು ತೋರಿಸಿ ಗದರಿಸುತ್ತಾರೆ.

ದೀಪಾವಳಿಯ ರಜೆಗೆ ಮಿಸ್ತ್ರಿಗಳ ಮೊಮ್ಮಗ ಬಂದನು. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಹಬ್ಬದ ಎಣ್ಣೆಯ ಸ್ನಾನವಾಗಿ, ಹೋಳಿಗೆಯ ಊಟವಾಗಿ, ಮನೆಯವರು ಮಧ್ಯಾಹ್ನದ ನಿದ್ದೆಗೆ ಒರಗಿದಾಗ ಅವನು ಮೆಲ್ಲಗೆ ಗ್ಯಾರೇಜಿಗೆ ಬಂದು ಮುತ್ಯಾನ ಮುಂದೆ ಮೊಬೈಲನ್ನು ಹಿಡಿದನು. ತೆರೆಯ ಮೇಲೆ ಒಂದು ಪುಟ್ಟ ಗಾಡಿ. ಬಾಗಿಲಿಲ್ಲ, ಮಾಳಿಗೆಯಿಲ್ಲ, ಉಕ್ಕಿನ ಕೊಳವೆಗಳ ಒಂದು ಪಂಜರ, ನಡುವೆ ಒಬ್ಬನೇ ಕೂಡುವಷ್ಟು ಜಾಗ, ನಾಲ್ಕು ದಪ್ಪ ಗಾಲಿಗಳು. ಕಾಲೇಜಿನ ಹುಡುಗರು ಸೇರಿ ಕಟ್ಟಿದ ರೇಸು ಕಾರು ಅದು. ಜನವರಿಯಲ್ಲಿ ಕೊಯಮತ್ತೂರಿನ ಕರಿ ಮೋಟಾರು ಸ್ಪೀಡ್‌ವೇಯಲ್ಲಿ ನಡೆಯುವ 'ಫಾರ್ಮುಲಾ ಭಾರತ್' ಸ್ಪರ್ಧೆಗೆ ಅದನ್ನು ಒಯ್ಯಬೇಕು. ಓಡಿಸುವವನು ಈ ಹುಡುಗನೇ.

"ಇಂಜಿನ್ ಎಲ್ಲದ?" ಎಂದರು ಮಿಸ್ತ್ರಿಗಳು.

"ನನ್ನ ಬೆನ್ನ ಹಿಂದ ಮುತ್ಯಾ, ಹಿಂದಿನ ಗಾಲಿ ಮುಂದ. ನಡಬರಕ."

ಮುದುಕರು ತಲೆದೂಗಿದರು. "ಬಂಡಿ ಹೇರಿದಂಗ. ಮುಂದ ಹೇರಿದ್ರ ಎತ್ತಿನ ಹೆಗಲು ಹರೀತದ. ಹಿಂದ ಹೇರಿದ್ರ ನೊಗ ಮ್ಯಾಲ ಎದ್ದು ಕೊರಳಿಗೆ ಬರ್ತದ. ಅಚ್ಚಿನ ಹತ್ತರ ಹೇರಿದವನೇ ಜಾಣ."

ಜರ್ಮನಿಯ, ಇಂಗ್ಲೆಂಡಿನ ತಜ್ಞರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಂಡುಕೊಂಡ ತತ್ವವೂ ಇದಕ್ಕಿಂತ ಬಹಳ ಬೇರೆಯೇನಲ್ಲ. ಎರಡು ಕೊಡಗಳನ್ನು ಅಡ್ಡೆಯ ತುದಿಗಳಿಗೆ ಕಟ್ಟಿ ಹೊತ್ತವನು ಥಟ್ಟನೆ ತಿರುಗಲಾರ. ತಿರುಗಿದರೂ ಥಟ್ಟನೆ ನಿಲ್ಲಲಾರ. ಕೊಡವನ್ನು ಸೊಂಟಕ್ಕೆ ಅವಚಿಕೊಂಡ ಹೆಂಗಸು ಕಿರುಓಣಿಯ ತಿರುವಿನಲ್ಲಿ ನೀರು ತುಳುಕದಂತೆ ಹೊರಳಿ ನಡೆದುಬಿಡುತ್ತಾಳೆ. ಗಾಡಿಯ ಭಾರವೆಲ್ಲ ನಡುವಿಗೆ ಬಂದರೆ ತಿರುವಿನಲ್ಲಿ ಅದರ ಚುರುಕು ಹೆಚ್ಚುತ್ತದೆ. 1930ರ ದಶಕದಲ್ಲಿ ಜರ್ಮನಿಯ ಆಟೋ ಯೂನಿಯನ್ ರೇಸು ಕಾರುಗಳು ಇಂಜಿನನ್ನು ಚಾಲಕನ ಬೆನ್ನ ಹಿಂದೆ ಹೊತ್ತು ಓಡಿದವು. 1959ರಲ್ಲಿ ಜಾಕ್ ಬ್ರಾಬ್‌ಹಮ್ ಅಂಥದೇ ಪುಟ್ಟ ಕೂಪರ್ ಕಾರಿನಲ್ಲಿ ಫಾರ್ಮುಲಾ ಒನ್ ವಿಶ್ವವಿಜೇತನಾದ ಮೇಲೆ, ಮುಂದೆ ಇಂಜಿನು ಇಟ್ಟವರೆಲ್ಲರೂ ಅದನ್ನು ಹಿಂದಕ್ಕೆ ಸರಿಸತೊಡಗಿದರು. 1966ರಲ್ಲಿ ಲಂಬೋರ್ಗಿನಿ ಮಿಯೂರಾ ಬಂದಾಗ ರೇಸಿನ ಆ ರಚನೆ ಸಿರಿವಂತರ ಬೀದಿಗೂ ಇಳಿಯಿತು.

ಹುಡುಗನ ಗಾಡಿಗೆ ಈಗಿರುವುದು ಒಂದೇ ಸಿಲಿಂಡರಿನ ಇಂಜಿನು. ಕೆಟಿಎಂ ಮೋಟಾರು ಸೈಕಲಿನದು. 373 ಸಿ.ಸಿ., ಸುಮಾರು 43 ಅಶ್ವಶಕ್ತಿ. ಅದನ್ನು ತೆಗೆದು ಹೊಂಡಾ ಕಂಪನಿಯ ನಾಲ್ಕು ಸಿಲಿಂಡರುಗಳ 599 ಸಿ.ಸಿ. ಇಂಜಿನನ್ನು ಕೂಡಿಸಬೇಕೆಂಬುದು ಗೆಳೆಯರ ಹವಣಿಕೆ. ಸ್ಪರ್ಧೆಯ ನಿಯಮ 710 ಸಿ.ಸಿ.ಯವರೆಗೆ ಅವಕಾಶ ಕೊಡುತ್ತದೆ. ಪೆಟ್ರೋಲು ಇಂಜಿನು ಉಸಿರೆಳೆಯುವ ದಾರಿಯಲ್ಲಿ ಮಾತ್ರ 20 ಮಿಲಿಮೀಟರಿನ ಕಿರಿದಾದ ಕಂಠವೊಂದನ್ನು ಇಡಲೇಬೇಕು. ಹಳೆಯದೊಂದು ಇಂಜಿನು ಸಿಕ್ಕಿದೆ. ಹಣ ಸಾಲದು. ಹುಡುಗನು ಬಂದದ್ದು ಅದಕ್ಕಾಗಿ.

"ಬ್ಯಾರೆ ಕಂಪನೀದು ಮುತ್ಯಾ. ನಮ್ಮ ಗಾಡಿಯಾಗ ಕುಂದರ್ತದೇನು?"

"ಕುಂದರಸಿದ್ರ ಎಲ್ಲಾ ಕುಂದರ್ತದ ತಮ್ಮಾ. ಕುಂತಿದ್ದು ಏಳಬೇಕು, ಎದ್ದಿದ್ದು ಓಡಬೇಕು, ಓಡಿದ್ದು ನಿಂದರಬೇಕು."

ಚಹಾ ಸೋಸುತ್ತಿದ್ದ ತಮ್ಮನು ಒಮ್ಮೆ ತಲೆಯೆತ್ತಿ ಅಣ್ಣನನ್ನು ನೋಡಿ, ಮತ್ತೆ ಬಟ್ಟಲುಗಳ ಕಡೆಗೆ ಬಾಗಿದನು.

ಹುಡುಗನು ಉತ್ಸಾಹದಿಂದ ಜಗತ್ತಿನ ಉದಾಹರಣೆಗಳನ್ನೆಲ್ಲ ಹೇಳತೊಡಗಿದನು. ಇಂಗ್ಲೆಂಡಿನ ಲೋಟಸ್ ಯೂರೋಪಾ ಎಂಬ ಕಾರು 1966ರಲ್ಲಿ ಹುಟ್ಟಿದ್ದೇ ಫ್ರಾನ್ಸಿನ ರೆನೋ ಇಂಜಿನಿನೊಡನೆ. ಕೆಲವು ವರ್ಷಗಳ ಮೇಲೆ ಅದೇ ಒಡಲಿಗೆ ಫೋರ್ಡ್ ಮೂಲದ ಇಂಜಿನು ಬಂದಿತು. ಇಟಲಿಯ ಡಿ ಟೊಮಾಸೊ ಪಾಂಟೇರಾದ ಚೆಲುವಾದ ಮೈಯೊಳಗೆ ಗುಡುಗುತ್ತಿದ್ದುದು ಅಮೆರಿಕದ ಫೋರ್ಡ್. 1996ರ ಲೋಟಸ್ ಎಲೀಸ್‌ಗೆ ಮೊದಲು ರೋವರ್ ಇಂಜಿನು, ಅನಂತರ ಟೊಯೋಟಾ. ಹವ್ಯಾಸಿಗಳು ಅದನ್ನೂ ಕಿತ್ತು ಹೊಂಡಾ ಇಂಜಿನು ಹಾಕಿಕೊಳ್ಳುತ್ತಾರೆ. ಪುಣೆಯ ಡಿ.ಸಿ. ಅವಂತಿ 2012ರಲ್ಲಿ ದಿಲ್ಲಿಯ ಪ್ರದರ್ಶನದಲ್ಲಿ ಭಾರತದ್ದೇ ಸ್ಪೋರ್ಟ್ಸ್ ಕಾರೆಂದು ಮೆರೆಯಿತು. ಮಾರಾಟಕ್ಕೆ ಬಂದಾಗ ಅದರ ನಡುವಿನಲ್ಲಿದ್ದುದು ರೆನೋ ಕಂಪನಿಯ ಎರಡು ಲೀಟರಿನ ಇಂಜಿನು. ಅಷ್ಟೇಕೆ, ಕೊಯಮತ್ತೂರಿನ ಆ ಓಟದ ದಾರಿ ಯಾರ ಹೆಸರನ್ನು ಹೊತ್ತಿದೆಯೋ ಆ ಕರಿವರ್ಧನ್ ಅವರು 1980ರ ದಶಕದ ಕೊನೆಯಲ್ಲಿ ಕಟ್ಟಿದ 'ಫಾರ್ಮುಲಾ ಮಾರುತಿ' ರೇಸು ಕಾರುಗಳ ಗುಂಡಿಗೆಯೂ ಸಂಸಾರಸ್ಥರು ಪೇಟೆಗೆ ಹೋಗುತ್ತಿದ್ದ ಮಾರುತಿ 800ರದೇ. ನಾರಾಯಣ್ ಕಾರ್ತಿಕೇಯನ್ ಮೊದಮೊದಲು ಓಡಿಸಿದ್ದು ಅಂಥ ಕಾರನ್ನೇ.

ಮಿಸ್ತ್ರಿಗಳು ನಕ್ಕರು. ಇದರಲ್ಲಿ ಅವರಿಗೆ ಬೆರಗಾಗುವಂಥದೇನೂ ಕಾಣಲಿಲ್ಲ. ಅವರ ಬಾಳೆಲ್ಲ ಇಂಥ ಕಲಬೆರಕೆಯ ನಡುವೆಯೇ ಕಳೆದಿತ್ತು. ಮಹೀಂದ್ರಾ ಜೀಪು ಎಂದರೇನು? ಅಮೆರಿಕದ ವಿಲ್ಲಿಸ್ ಕಂಪನಿಯ ಒಡಲು. ಪೆಟ್ರೋಲಿನ ಬೆಲೆ ಏರಿದಾಗ ಕಂಪನಿಯವರೇ ಅದರೊಳಗೆ ಟ್ರ್ಯಾಕ್ಟರಿನ ಡೀಸೆಲ್ ಇಂಜಿನನ್ನು ಇಟ್ಟರು. ಆಮೇಲೆ ಫ್ರಾನ್ಸಿನ ಪೂಜೋ ಇಂಜಿನನ್ನು ಇಟ್ಟರು. ಸಾಹೇಬರ ಬಿಳಿಯ ಅಂಬಾಸಡರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೈ. 1990ರ ದಶಕದಲ್ಲಿ ಅದಕ್ಕೆ ಜಪಾನಿನ ಇಸುಜು ಇಂಜಿನು ಬಂದಿತು. ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ ಎಂಬ ಪುಟ್ಟ ಕಾರು ಇಂಗ್ಲೆಂಡಿನ ರಿಲಯಂಟ್ ಕಂಪನಿಯದೇ ಮರುಹುಟ್ಟು. ಮುಂದೆ ಫಿಯಟ್ ಕಂಪನಿಯ 1.3 ಲೀಟರಿನ ಒಂದೇ ಡೀಸೆಲ್ ಇಂಜಿನು ಮಾರುತಿಯಲ್ಲೂ ಓಡಿತು, ಟಾಟಾದಲ್ಲೂ ಓಡಿತು. ಕಂಪನಿಗಳು ಕರಾರು ಬರೆದು ಮಾಡಿದುದನ್ನು ಹಳ್ಳಿಯ ಮಿಸ್ತ್ರಿಗಳು ಕರಾರಿಲ್ಲದೆ ಬೇವಿನ ಮರದ ಕೊಂಬೆಗೆ ಚೈನು ಬಿಗಿದು ಮಾಡಿದರು, ವ್ಯತ್ಯಾಸ ಅಷ್ಟೇ.

ಆದರೆ ಆ ವ್ಯತ್ಯಾಸ ಸಣ್ಣದಲ್ಲ. ಇಂಜಿನನ್ನು ಎತ್ತಿ ಇಳಿಸುವುದು ಒಂದು ದಿನದ ಕೆಲಸ. ಅದನ್ನು ಒಡಲಿಗೆ ಒಗ್ಗಿಸುವುದು ತಿಂಗಳಿನ ಕೆಲಸ. ಎರಡು ಕಂಪನಿಗಳ ಬೋಲ್ಟುಗಳ ತೂತು ಒಂದಕ್ಕೊಂದು ಕೂಡುವುದಿಲ್ಲ. ಇಂಜಿನಿಗೂ ಗೇರ್‌ಬಾಕ್ಸಿಗೂ ನಡುವೆ ದಪ್ಪ ಉಕ್ಕಿನ ತಟ್ಟೆಯೊಂದನ್ನು ಕೊರೆದು ಕೂಡಿಸಬೇಕು. ಇಂಜಿನಿನ ಕ್ರ್ಯಾಂಕಿನ ನಡುಗೆರೆಯೂ ಗೇರ್‌ಬಾಕ್ಸಿನ ಶಾಫ್ಟಿನ ನಡುಗೆರೆಯೂ ಒಂದೇ ಆಗಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ಚು ತಿಂದುಹೋಗುತ್ತದೆ, ಬೇರಿಂಗು ಅಳುತ್ತದೆ. ಡೀಸೆಲ್ ಇಂಜಿನು ತೂಕದ್ದು. ಮುಂದಿನ ಪಾಟಾ ಬಾಗುತ್ತದೆ. ಅದು ನಿಧಾನವಾಗಿ ತಿರುಗುವಂಥದು. ಪೆಟ್ರೋಲಿಗೆಂದು ಮಾಡಿದ ಗೇರುಗಳು ಅದಕ್ಕೆ ಒಪ್ಪುವುದಿಲ್ಲ. ರೇಡಿಯೇಟರು ಸಾಲದೆ ನೀರು ಕುದಿಯುತ್ತದೆ. ಈ ಕಾಲದ ಇಂಜಿನುಗಳಿಗಂತೂ ಒಂದು ಮಿದುಳೂ ಉಂಟು. ನೂರಾರು ತಂತಿಗಳಲ್ಲಿ ಒಂದು ತಂತಿ ತನ್ನ ಗುರುತಿನ ಸುದ್ದಿಯನ್ನು ತರದಿದ್ದರೆ ಅದು ಮುನಿಸಿಕೊಂಡು ಎದ್ದೇಳುವುದೇ ಇಲ್ಲ. ಇಷ್ಟೆಲ್ಲವೂ ಇಂಜಿನು ಓಡುವುದಕ್ಕೆ ಬೇಕಾದ ಮಾತು.

1967ರ ಡಿಸೆಂಬರಿನಲ್ಲಿ ಕೇಪ್‌ಟೌನಿನ ಡಾಕ್ಟರ್ ಕ್ರಿಶ್ಚಿಯನ್ ಬರ್ನಾರ್ಡ್ ಒಬ್ಬ ಮನುಷ್ಯನ ಎದೆಯಲ್ಲಿ ಇನ್ನೊಬ್ಬರ ಹೃದಯವನ್ನು ನೆಟ್ಟು ಜಗತ್ತನ್ನೇ ಬೆರಗುಗೊಳಿಸಿದರು. ಆ ರೋಗಿ ಬದುಕಿದುದು 18 ದಿನ. ಹೊಸ ಹೃದಯ ಸೋತಿರಲಿಲ್ಲ. ಪುಪ್ಪುಸಕ್ಕೆ ಸೋಂಕು ತಗುಲಿ ಜೀವ ಹೋಯಿತು. ಹೊಸ ಗುಂಡಿಗೆಯನ್ನು ಒಡಲು ತಿರಸ್ಕರಿಸದಿರಲೆಂದು ಕೊಟ್ಟ ಔಷಧವೇ ಆ ಒಡಲಿನ ಕಾವಲನ್ನೂ ಕುಗ್ಗಿಸಿತ್ತು. ಗುಂಡಿಗೆ ಗಟ್ಟಿಯಾಗಿದ್ದ ಮಾತ್ರಕ್ಕೆ ಉಳಿದುದೆಲ್ಲ ಗಟ್ಟಿಯಾಗಿದೆ ಎಂದು ನಂಬಬಾರದೆಂಬುದನ್ನು ವೈದ್ಯರು ಹಾಗೆ ಕಲಿತರು.

ಮಿಸ್ತ್ರಿಗಳು ಕಲಿತುದು ಬೇರೊಂದು ರೀತಿಯಲ್ಲಿ. ಅದನ್ನು ಅವರು ಮೊಮ್ಮಗನಿಗೆ ಅಂದಿನವರೆಗೆ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ.

"ಈಗ ಬೈಕಿನ ಇಂಜಿನ್ ತಗದು ದೊಡ್ಡದು ಕುಂದರಸ್ತೀರಿ. ಬ್ರೇಕ್ ಯಾವುದು ಹಾಕ್ತೀರಿ?" ಎಂದು ಅವರು ಕೇಳಿದರು.

"ಬ್ರೇಕ್ ಅದಾವಲ್ಲ ಮುತ್ಯಾ. ಅವೇ ಸಾಕು. ಮದಲು ಇಂಜಿನ್ ಆಗಲಿ."

ಮುದುಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮನ ಕಡೆಗೆ ತಿರುಗಿ, "ಹೇಳಲೇನೋ?" ಎಂದರು.

"ನಲವತ್ತು ವರ್ಷ ಆತು. ಇನ್ನೇನು ಮುಚ್ಚಿಡೋದು? ಹೇಳು," ಎಂದನು ತಮ್ಮ.

ಆಗ ಕಾಲುವೆಯ ನೀರು ಹೊಸದಾಗಿ ಬಂದ ಕಾಲ. ಊರಿನ ದಲಾಲರೊಬ್ಬರ ಹಳೆಯ ಪೆಟ್ರೋಲು ಜೀಪು ಮೂಲೆಗೆ ಬಿದ್ದಿತ್ತು. ಪೆಟ್ರೋಲು ಹಾಕಿ ಪೂರೈಸದು, ಮಾರಿದರೆ ಕೊಳ್ಳುವವರಿಲ್ಲ. ಮಿಸ್ತ್ರಿಗಳು ಬೇರೊಂದು ಕಂಪನಿಯ ವ್ಯಾನಿನ ಡೀಸೆಲ್ ಇಂಜಿನನ್ನು ಗುಜರಿಯಿಂದ ತಂದು ಅದರೊಳಗೆ ಇಳಿಸಿದರು. ಅವರು ಮಾಡಿದ ಮೊದಲನೆಯ ಪರಕಾಯ ಪ್ರವೇಶ ಅದು. ತಟ್ಟೆ ಕೊರೆದರು, ಮೌಂಟಿಂಗು ಬೆಸೆದರು, ಮುಂದಿನ ಪಾಟಾಕ್ಕೆ ಎರಡು ಎಲೆ ಕೂಡಿಸಿದರು. ಇಂಜಿನು ಮೊದಲನೆಯ ಸಲಕ್ಕೇ ಎದ್ದಿತು. ಊರಿಗೆ ಊರೇ ನೆರೆಯಿತು. ಯಾರೋ ತೆಂಗಿನಕಾಯಿ ಒಡೆದರು. ಬ್ರೇಕಿನ ಕಡೆಗೆ ಮಾತ್ರ ಯಾರ ಕಣ್ಣೂ ಹೋಗಲಿಲ್ಲ. ಹಳೆಯ ಡ್ರಮ್ಮು, ಹಳೆಯ ಪಟ್ಟಿ, ಹಾಗೆಯೇ ಉಳಿದವು.

ಪೆಟ್ರೋಲು ಇಂಜಿನಿನದು ಒಂದು ಗುಣವಿದೆ. ಚಾಲಕನು ಕಾಲು ತೆಗೆದೊಡನೆ ಅದರ ಗಾಳಿಯ ಬಾಗಿಲು ಮುಚ್ಚುತ್ತದೆ. ಉಸಿರು ಸಿಕ್ಕಿಕೊಂಡ ಇಂಜಿನು ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಇಳಿಜಾರಿನಲ್ಲಿ ಅರ್ಧ ಬ್ರೇಕಿನ ಕೆಲಸವನ್ನು ಅದೇ ಮಾಡಿಬಿಡುತ್ತದೆ. ಹಳೆಯ ಡೀಸೆಲ್ ಇಂಜಿನಿಗೆ ಆ ಬಾಗಿಲಿಲ್ಲ. ಕಾಲು ತೆಗೆದರೆ ಎಣ್ಣೆ ನಿಲ್ಲುತ್ತದೆಯೇ ಹೊರತು ಗಾಡಿಯನ್ನು ಅಷ್ಟು ಬಲವಾಗಿ ತಡೆಯುವುದಿಲ್ಲ. ತಮ್ಮನು ಆ ಜೀಪನ್ನು ಹುರುಪಿನಿಂದ ಸುರಪುರಕ್ಕೆ ಒಯ್ದನು. ಗುಡ್ಡಗಳ ನಡುವಿನ ಊರು ಅದು. ಮರಳಿ ಬರುವಾಗ ಇಳಿಜಾರಿನಲ್ಲಿ, ಎಂದಿನ ಅಭ್ಯಾಸದಂತೆ, ಕಾಲು ತೆಗೆದು ಜೀಪು ತಾನಾಗಿಯೇ ತಡೆಯಲೆಂದು ಕಾದನು. ಅದು ತಡೆಯಲಿಲ್ಲ. ಬ್ರೇಕನ್ನು ತುಳಿದನು. ಹೊಸ ಇಂಜಿನಿನ ತೂಕಕ್ಕೆ ಹಳೆಯ ಪಟ್ಟಿ ಕಾದು ಜಾರಿತು. ಜೀಪು ಬಂಡೆಯೊಂದಕ್ಕೆ ಬಡಿದು ನಿಂತಿತು.

"ಇಂಜಿನಿಗಿ ಏನೂ ಆಗಿರಲಿಲ್ಲ," ಎಂದನು ತಮ್ಮ, ಚಹಾದ ಬಟ್ಟಲನ್ನು ಹುಡುಗನ ಕೈಗಿಡುತ್ತ. "ನಾ ಕೆಳಗ ಬಿದ್ದು ಒದ್ದಾಡಾಕತ್ತಿದ್ದೆ. ಅದು ಮ್ಯಾಲ ಸುಮ್ಮನ ಡುಗುಡುಗು ಅಂತಿತ್ತು."

"ಮತ್ತ ಗಿಡದಿಂದ ಬಿದ್ದೀದಿ ಅಂತಾರಲ್ಲ ಸಣ್ಣ ಮುತ್ಯಾ?"

"ಗಾಡಿ ಕೆಟ್ಟದ್ದು ಮಾಡ್ಯಾನ ಅಂದ್ರ ನಿಮ್ಮ ಮುತ್ಯಾನ ಹಂತ್ಯಾಕ ಯಾರು ಬರ್ತಿದ್ರು? ಹೊಟ್ಟಿ ನಡೀಬೇಕಲ್ಲ. ಅದಕ್ಕ ಗಿಡದ ಮ್ಯಾಲ ಹಾಕಿದೆ. ಗಿಡ ಏನು ಮಾತಾಡತದೇನು?"

ಹುಡುಗನು ಬೇವಿನ ಮರವನ್ನು ನೋಡಿದನು. ನಲವತ್ತು ವರ್ಷ ತಾನು ಮಾಡದ ತಪ್ಪನ್ನು ಹೊತ್ತು ನಿಂತ ಮರ. ಅದರ ನೆರಳಿನಲ್ಲಿ ನಲವತ್ತು ವರ್ಷ ಅಣ್ಣನ ಹೆಸರನ್ನು ಕಾಯುತ್ತ ಚಹಾ ಕಾಯಿಸಿದ ಮನುಷ್ಯ. ಮಿಸ್ತ್ರಿಗಳು ಯಾರ ಮುಖವನ್ನೂ ನೋಡದೆ ಚಿಂದಿ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದರು. ಕೈಯಲ್ಲಿ ಒರೆಸುವಂಥದೇನೂ ಇರಲಿಲ್ಲ. ಹಬ್ಬದ ದಿನ ಅವರು ಪಾನಾ ಮುಟ್ಟಿರಲಿಲ್ಲ.

ಆ ಜೀಪಿನ ಮೇಲೆ ಅವರು ಇನ್ನೂ ಎಷ್ಟೋ ಗಾಡಿಗಳಿಗೆ ಇಂಜಿನು ಬದಲಿಸಿದರು. ಆದರೆ ಪ್ರತಿ ಸಲವೂ ಮೊದಲು ಬಿಚ್ಚುತ್ತಿದ್ದುದು ಗಾಲಿಗಳನ್ನು. ಬ್ರೇಕಿನ ಕೆಲಸ ಮುಗಿಯುವವರೆಗೆ ಇಂಜಿನು ಚಿಂದಿ ಹೊದ್ದು ಮೂಲೆಯಲ್ಲಿ ಕಾಯಬೇಕಾಗಿತ್ತು. ಗಿರಾಕಿಗಳು ಗೊಣಗಿದರು, ಕೆಲವರು ಬೇರೆ ಗ್ಯಾರೇಜಿಗೆ ಹೋದರು. ಕಾರಣವನ್ನು ಅವರು ಯಾರಿಗೂ ಹೇಳಲಿಲ್ಲ. ಈಗ ಕೆಲವು ವರ್ಷಗಳಿಂದ ಆ ಕೆಲಸವನ್ನೇ ಬಿಟ್ಟಿದ್ದಾರೆ. ತಯಾರಕರು ಮಾಡಿಕೊಟ್ಟ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಕಾಯಿದೆ ಒಪ್ಪದ ಒಂದೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡವೋ ಆರು ತಿಂಗಳವರೆಗಿನ ಸೆರೆಯೋ ಎಂದಾಯಿತು. ಊರಿನ ಹುಡುಗರು ಈ ಕಾನೂನನ್ನು ಬೈಯುತ್ತಾರೆ. ಮಿಸ್ತ್ರಿಗಳು ಬೈಯುವುದಿಲ್ಲ. ಹುಡುಗರ ರೇಸು ಕಾರು ಸಾರ್ವಜನಿಕ ರಸ್ತೆಗೆ ಬರುವಂಥದಲ್ಲ. ಆ ಕಾನೂನು ಅದನ್ನು ಮುಟ್ಟುವುದಿಲ್ಲ. ಆದರೆ ಬಂಡೆಗೆ ಆ ಭೇದ ತಿಳಿಯದು.

ಸಂಜೆ ಮನೆಯ ಹೊಸ್ತಿಲಲ್ಲಿ ಹಣತೆಗಳು ಹೊತ್ತಿದ ಮೇಲೆ ಮಿಸ್ತ್ರಿಗಳು ಪೆಟ್ಟಿಗೆಯನ್ನು ತೆರೆದು ಹಣ ಎಣಿಸಿ ಮೊಮ್ಮಗನ ಕೈಗೆ ಕೊಟ್ಟರು. ಹುಡುಗನು ಕೇಳಿದುದಕ್ಕಿಂತ ಅದು ಹೆಚ್ಚಾಗಿತ್ತು.

"ಇದು ಇಂಜಿನಿಗಲ್ಲ," ಎಂದರು. "ಬ್ರೇಕಿಗಿ. ಉಳದ್ರ ಇಂಜಿನಿಗಿ."

ಹುಡುಗನು ಕಲಬುರಗಿಗೆ ಮರಳಿದನು. ಗೆಳೆಯರು ಎರಡು ರಾತ್ರಿ ಜಗಳವಾಡಿದರು. ನಾಲ್ಕು ಸಿಲಿಂಡರಿನ ಇಂಜಿನು ಅಗಲವಾದದ್ದು. ಅದನ್ನು ಕೂಡಿಸಲು ಪಂಜರದ ಹಿಂಭಾಗವನ್ನೇ ಕತ್ತರಿಸಿ ಬೆಸೆಯಬೇಕು. ತೂಕ ಹಿಂದಕ್ಕೆ ಸರಿದರೆ ಮುಂದಿನ ಗಾಲಿಗಳ ಮತ್ತು ಹಿಂದಿನ ಗಾಲಿಗಳ ಬ್ರೇಕಿನ ಪಾಲನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಜನವರಿ ದೂರವಿರಲಿಲ್ಲ. ಕೊನೆಗೆ ಆ ವರ್ಷಕ್ಕೆ ಹಳೆಯ ಇಂಜಿನೇ ಇರಲಿ, ದೊಡ್ಡದು ಮುಂದಿನ ವರ್ಷಕ್ಕೆ, ಹೊಸ ಪಂಜರದೊಡನೆ ಎಂದು ಒಪ್ಪಂದವಾಯಿತು. ಮುತ್ಯಾನ ಹಣದಿಂದ ಹೊಸ ಡಿಸ್ಕುಗಳು ಬಂದವು.

ಆ ಸ್ಪರ್ಧೆಯಲ್ಲಿ ಒಂದು ಕಟ್ಟುನಿಟ್ಟಿನ ಪರೀಕ್ಷೆಯುಂಟು. ಓಟಕ್ಕೆ ಇಳಿಯುವ ಮೊದಲು ಪ್ರತಿಯೊಂದು ಗಾಡಿಯೂ ವೇಗ ಹಿಡಿದು, ಬ್ರೇಕು ತುಳಿದೊಡನೆ ನಾಲ್ಕು ಗಾಲಿಗಳನ್ನೂ ಒಮ್ಮೆಗೇ ಹಿಡಿದು, ನೆಟ್ಟಗೆ ನಿಂತು ತೋರಿಸಬೇಕು. ನಿಲ್ಲದ ಗಾಡಿಗೆ ಓಡುವ ಹಕ್ಕಿಲ್ಲ.

ಜನವರಿಯ ಒಂದು ಮಧ್ಯಾಹ್ನ ಕೆಂಭಾವಿಯ ಗ್ಯಾರೇಜಿನಲ್ಲಿ ಮೊಬೈಲು ಸದ್ದು ಮಾಡಿತು. ಕೊಯಮತ್ತೂರಿನಿಂದ ಬಂದ ಪುಟ್ಟ ಚಿತ್ರ. ಪಂಜರದೊಳಗೆ ಶಿರಸ್ತ್ರಾಣ ತೊಟ್ಟ ಹುಡುಗ. ಬೆನ್ನ ಹಿಂದೆ ಅದೇ ಒಂಟಿ ಸಿಲಿಂಡರಿನ ಅಬ್ಬರ. ಗಾಡಿ ಚಿಮ್ಮಿ ಬಂದಿತು. ಥಟ್ಟನೆ ನಾಲ್ಕು ಗಾಲಿಗಳೂ ಹಿಡಿದವು. ರಬ್ಬರಿನ ಕಿರುಚು, ತುಸು ಹೊಗೆ. ಗೆರೆ ಎಳೆದಂತೆ ನೆಟ್ಟಗೆ ನಿಂತಿತು.

ಮಿಸ್ತ್ರಿಗಳು ಅದನ್ನು ಎರಡು ಸಲ ನೋಡಿದರು. ಆಮೇಲೆ ಮೊಬೈಲನ್ನು ತಮ್ಮನ ಕಡೆಗೆ ಚಾಚಿದರು. ತಮ್ಮನು ಸ್ಟೋವಿನ ಉರಿಯನ್ನು ತಗ್ಗಿಸಿ, ಮಡಿಯದ ಕಾಲನ್ನು ಚಾಚಿಕೊಂಡು ಕುಳಿತು, ಕಣ್ಣು ಕಿರಿದು ಮಾಡಿ ನೋಡಿದನು.

"ಓಡೋದು ಬ್ಯಾಡ," ಎಂದನು. "ನಿಂದರ್ತದಲ್ಲ, ಅದೊಂದು ಮತ್ತ ತೋರಸು."